ಹೆಸರಿಲ್ಲದ ಸಿಂಹಾಸನ

ಚಿತ್ರದುರ್ಗದ ಬೆಟ್ಟಗಳ ಮಗ್ಗುಲಲ್ಲಿರುವ ಚಂದ್ರವಳ್ಳಿಯ ನೆಲದಲ್ಲಿ ರೋಮಿನ ಚಕ್ರವರ್ತಿಗಳಾದ ಆಗಸ್ಟಸ್ ಮತ್ತು ಟೈಬೀರಿಯಸರ ನಾಣ್ಯಗಳು ದೊರೆತಿವೆಯೆಂಬುದು ನಮ್ಮ ನಾಡಿನ ಪ್ರಾಚೀನ ಇತಿಹಾಸವನ್ನು ಓದಿದವರಿಗೆ ಹೊಸ ಸಂಗತಿಯಲ್ಲ. ದಕ್ಷಿಣ ಭಾರತದ ನಾನಾ ಕಡೆಗಳಲ್ಲಿ ನೆಲದಡಿ ಹುದುಗಿದ್ದು ಬೆಳಕಿಗೆ ಬಂದ ಇಂತಹ ಬೆಳ್ಳಿ ನಾಣ್ಯಗಳ ನಿಧಿಗಳಲ್ಲಿ ಆಗಸ್ಟಸನ ಒಂದು ಬಗೆಯ ನಾಣ್ಯವಂತೂ ಮತ್ತೆ ಮತ್ತೆ ಕಾಣಿಸಿಕೊಳ್ಳುತ್ತದೆ. ಅದರ ಒಂದು ಮುಖದಲ್ಲಿ ಪತ್ರಮಾಲೆಯನ್ನು ಧರಿಸಿದ ಚಕ್ರವರ್ತಿಯ ಶಿರಸ್ಸು. ಇನ್ನೊಂದು ಮುಖದಲ್ಲಿ ಅಕ್ಕಪಕ್ಕದಲ್ಲಿ ನಿಂತ ಇಬ್ಬರು ತರುಣರು, ಅವರ ನಡುವೆ ಎರಡು ಗುರಾಣಿ, ಎರಡು ಈಟಿ. ಮೆಣಸಿಗೂ ಮುತ್ತಿಗೂ ಬದಲಾಗಿ ಈ ಬೆಳ್ಳಿಯನ್ನು ಪಡೆದ ನಮ್ಮ ವರ್ತಕರು ಅದರ ತೂಕವನ್ನೂ ಶುದ್ಧಿಯನ್ನೂ ನೋಡಿ ಗಂಟುಕಟ್ಟಿರಬೇಕು. ಆ ತರುಣರು ಯಾರೆಂದು ಕೇಳುವ ಅಗತ್ಯ ಅವರಿಗಿರಲಿಲ್ಲ. ಆದರೆ ಆ ನಾಣ್ಯವು ಅಚ್ಚಾದದ್ದು ಆ ತರುಣರ ಸಲುವಾಗಿಯೇ. ಅವರು ಗೇಯಸ್ ಮತ್ತು ಲೂಷಿಯಸ್, ಆಗಸ್ಟಸನ ಮಗಳ ಮಕ್ಕಳು, ಆತನಿಂದಲೇ ಪುತ್ರರೆಂದು ಸ್ವೀಕೃತರಾದವರು. ತನ್ನ ತರುವಾಯ ಈ ಇಬ್ಬರು ಎಂಬ ಮಾತನ್ನು ಆ ಚಕ್ರವರ್ತಿಯು ಸಾಮ್ರಾಜ್ಯದ ಪ್ರತಿಯೊಬ್ಬ ಸೈನಿಕನ ಅಂಗೈಯಲ್ಲಿಯೂ ಬೆಳ್ಳಿಯ ರೂಪದಲ್ಲಿ ಇರಿಸಿದನು. ಅವರಿಬ್ಬರೂ ತಾತನಿಗಿಂತ ಮುಂಚೆಯೇ ತೀರಿಕೊಂಡರು.

ಮೂರು ಖಂಡಗಳ ಮೇಲೆ ಆಳ್ವಿಕೆ ನಡೆಸಿದ, ನ್ಯಾಯಶಾಸ್ತ್ರದಲ್ಲಿ ಪಾಶ್ಚಾತ್ಯ ಜಗತ್ತಿಗೆಲ್ಲ ಗುರುವೆನಿಸಿದ ರೋಮು, ನೆರೆಮನೆಯವನ ಸೂರಿನ ನೀರು ಎಲ್ಲಿ ಬೀಳಬೇಕೆಂಬುದಕ್ಕೂ ವಿಧಿಯನ್ನು ರಚಿಸಿಟ್ಟ ರೋಮು, ತನ್ನ ಚಕ್ರವರ್ತಿಯ ತರುವಾಯ ಚಕ್ರವರ್ತಿ ಯಾರು ಎಂಬ ಒಂದೇ ಒಂದು ಪ್ರಶ್ನೆಗೆ ಮಾತ್ರ ಯಾವ ವಿಧಿಯನ್ನೂ ಬರೆದಿಡಲಿಲ್ಲ. ಈ ಒಂದು ಮೌನದಿಂದ ಹುಟ್ಟಿದ ವಿಷಪಾತ್ರೆಗಳೂ ಖಡ್ಗಗಳೂ ಅಷ್ಟಿಷ್ಟಲ್ಲ. ರೋಮಿನ ಅರಮನೆಯ ಒಳಸಂಚುಗಳ ಕಥೆಯನ್ನು ಓದುವವರು ಸಾಮಾನ್ಯವಾಗಿ ಅದನ್ನು ದುಷ್ಟರ ಕಥೆಯೆಂದು ಓದುತ್ತಾರೆ. ಕ್ರೂರಿಯಾದ ಮಗ, ಮಹತ್ವಾಕಾಂಕ್ಷಿಯಾದ ತಾಯಿ, ದ್ರೋಹಿಯಾದ ದಳಪತಿ, ಇವರೇ ಅದರ ಪಾತ್ರಗಳೆಂದು ಭಾವಿಸುತ್ತಾರೆ. ದುಷ್ಟರು ಎಲ್ಲ ದೇಶಗಳಲ್ಲಿಯೂ ಎಲ್ಲ ಕಾಲಗಳಲ್ಲಿಯೂ ಉಂಟು. ರೋಮಿನ ವಿಶೇಷವು ಅವರ ದೌಷ್ಟ್ಯದಲ್ಲಿಲ್ಲ. ಆ ದೌಷ್ಟ್ಯಕ್ಕೆ ಬಾಗಿಲು ತೆರೆದಿಟ್ಟ ರಾಜ್ಯವ್ಯವಸ್ಥೆಯ ಮೂಲದಲ್ಲಿದ್ದ ಅಸತ್ಯದಲ್ಲಿದೆ ಎಂಬುದು ಈ ಇತಿಹಾಸವನ್ನು ಹಲವು ವರ್ಷ ಓದಿದ ಮೇಲೆ ನನಗೆ ದೃಢವಾದ ಅಭಿಪ್ರಾಯ.

ಆ ಅಸತ್ಯವು ಎಂತಹುದೆಂದರೆ, ರೋಮಿನವರಿಗೆ 'ರಾಜ' ಎಂಬ ಶಬ್ದವೇ ಸಹ್ಯವಾಗಿರಲಿಲ್ಲ. ಕ್ರಿ.ಪೂ. ೫೦೯ರಲ್ಲಿ ತಮ್ಮ ಪೂರ್ವಿಕರು ಕಟ್ಟಕಡೆಯ ರಾಜನನ್ನು ಊರಿನಿಂದ ಅಟ್ಟಿದರೆಂಬ ಐತಿಹ್ಯವನ್ನು ಅವರು ಐದು ಶತಮಾನಗಳ ಕಾಲ ಜಪದಂತೆ ಕಾಪಾಡಿಕೊಂಡು ಬಂದಿದ್ದರು. ಜೂಲಿಯಸ್ ಸೀಸರನು ರಾಜನಾಗಲು ಹವಣಿಸುತ್ತಿದ್ದಾನೆಂಬ ಶಂಕೆಯೊಂದೇ ಸಾಕಾಗಿ, ಕ್ರಿ.ಪೂ. ೪೪ರ ಮಾರ್ಚ್ ೧೫ರಂದು ಸೆನೆಟಿನ ಸಭೆಯಲ್ಲಿಯೇ ಅವನ ದೇಹವು ಕಠಾರಿಗಳಿಗೆ ಆಹುತಿಯಾಯಿತು. ಅವನ ಉಯಿಲಿನ ಮೂಲಕ ದತ್ತುಪುತ್ರನಾದ ಹದಿನೆಂಟು ವರ್ಷದ ಆಕ್ಟೇವಿಯನನು ಈ ಪಾಠವನ್ನು ಎಂದಿಗೂ ಮರೆಯಲಿಲ್ಲ. ಹದಿಮೂರು ವರ್ಷಗಳ ಅಂತರ್ಯುದ್ಧದ ಕೊನೆಯಲ್ಲಿ, ಆಕ್ಟಿಯಮ್ಮಿನ ಕಡಲಕಾಳಗದಲ್ಲಿ ಆಂಟನಿಯನ್ನೂ ಕ್ಲಿಯೋಪಾತ್ರಳನ್ನೂ ಸೋಲಿಸಿ ಏಕಮಾತ್ರ ಪ್ರಭುವಾಗಿ ನಿಂತ ಮೇಲೂ, ಆತನು ಕ್ರಿ.ಪೂ. ೨೭ರ ಜನವರಿಯಲ್ಲಿ ಸೆನೆಟಿನ ಮುಂದೆ ನಿಂತು ರಾಜ್ಯವನ್ನು ಸೆನೆಟಿಗೂ ಪ್ರಜೆಗಳಿಗೂ ಹಿಂದಿರುಗಿಸಿರುವುದಾಗಿ ಸಾರಿದನು. ಸೆನೆಟು ಕೃತಜ್ಞತೆಯಿಂದ ಆತನಿಗೆ ಆಗಸ್ಟಸ್, ಎಂದರೆ ಪೂಜ್ಯನು, ಎಂಬ ಬಿರುದನ್ನಿತ್ತು, ಸೈನ್ಯಗಳಿದ್ದ ಪ್ರಾಂತಗಳ ಬಹುಭಾಗವನ್ನು ಆತನ ಕೈಯಲ್ಲಿಯೇ ಇಟ್ಟಿತು. ಆತನು ರಾಜನೆನಿಸಿಕೊಳ್ಳಲಿಲ್ಲ, ತನ್ನನ್ನು 'ಪ್ರಿನ್ಸೆಪ್ಸ್', ಪೌರರಲ್ಲಿ ಮೊದಲಿಗನು, ಎಂದು ಕರೆದುಕೊಂಡನು. ಹಳೆಯ ಗಣರಾಜ್ಯದ ಅಧಿಕಾರಗಳನ್ನೇ ಒಂದೊಂದಾಗಿ ಆಯ್ದು, ಒಬ್ಬನೇ ವ್ಯಕ್ತಿಯಲ್ಲಿ ಕೂಡಿಸಿ, ಕಾಲಕಾಲಕ್ಕೆ ನವೀಕರಿಸಿಕೊಳ್ಳುತ್ತ, ಆತನು ನಲವತ್ತು ವರ್ಷಗಳಿಗೂ ಮಿಕ್ಕಿ ಆಳಿದನು. ಪ್ರಪಂಚಕ್ಕೆ ದೀರ್ಘವಾದ ಶಾಂತಿಯನ್ನು ತಂದ ಈ ಏರ್ಪಾಡಿನ ಜಾಣ್ಮೆಯನ್ನು ಯಾರೂ ಅಲ್ಲಗಳೆಯಲಾರರು. ಆದರೆ ಅದರ ಗರ್ಭದಲ್ಲಿಯೇ ಒಂದು ದೋಷವಿದ್ದಿತು. ಸಿಂಹಾಸನವೇ ಇಲ್ಲವೆಂದು ಸಾರಿದವನು ಆ ಸಿಂಹಾಸನಕ್ಕೆ ಉತ್ತರಾಧಿಕಾರಿಯನ್ನು ಹೆಸರಿಸುವುದು ಹೇಗೆ? ಮನೆ, ಹೊಲ, ಹಣ, ಗುಲಾಮರು, ಕಡೆಗೆ ವಂಶದ ಹೆಸರು, ಇವೆಲ್ಲವನ್ನೂ ಉಯಿಲಿನಲ್ಲಿ ಬರೆದುಕೊಡಬಹುದು. ಆದರೆ ಸೆನೆಟು ಕೊಟ್ಟದ್ದೆಂದು ಹೇಳಿದ ಅಧಿಕಾರವನ್ನು ಬರೆದುಕೊಡಲು ಬರುವಂತಿರಲಿಲ್ಲ.

ಕ್ರಿ.ಪೂ. ೨೩ರಲ್ಲಿ ನಡೆದ ಒಂದು ಘಟನೆಯಲ್ಲಿ ಈ ಸಂಕಟವು ನಿಚ್ಚಳವಾಗಿ ಕಾಣುತ್ತದೆ. ಆಗಸ್ಟಸನು ಆ ವರ್ಷ ಮರಣಶಯ್ಯೆಯೆಂಬಂತೆ ಹಾಸಿಗೆ ಹಿಡಿದನು. ಸೋದರಿಯ ಮಗನೂ ತನ್ನ ಏಕಮಾತ್ರ ಸಂತಾನವಾದ ಜೂಲಿಯಾಳ ಪತಿಯೂ ಆಗಿದ್ದ ತರುಣ ಮಾರ್ಸೆಲಸನೇ ಮುಂದಿನವನೆಂದು ಊರೆಲ್ಲ ಎಣಿಸಿದ್ದಿತು. ಹಿರಿಯ ಅಧಿಕಾರಿಗಳನ್ನು ಹಾಸಿಗೆಯ ಬಳಿಗೆ ಕರೆಯಿಸಿಕೊಂಡ ಆಗಸ್ಟಸನು ಮಾರ್ಸೆಲಸನ ಹೆಸರನ್ನು ಎತ್ತಲಿಲ್ಲ. ಸೈನ್ಯದ ಮತ್ತು ಬೊಕ್ಕಸದ ಲೆಕ್ಕದ ಪುಸ್ತಕವನ್ನು ತನ್ನ ಜೊತೆಯ ಕಾನ್ಸಲ್ ಆಗಿದ್ದ ಪೀಸೋವಿನ ಕೈಗಿತ್ತನು. ತನ್ನ ಮುದ್ರೆಯುಂಗುರವನ್ನು ಬಾಲ್ಯಸ್ನೇಹಿತನೂ ಮಹಾಸೇನಾನಿಯೂ ಆದ ಅಗ್ರಿಪ್ಪನ ಕೈಗಿತ್ತನು. ಲೆಕ್ಕವು ರಾಜ್ಯದ್ದು, ಆದುದರಿಂದ ರಾಜ್ಯದ ಅಧಿಕಾರಿಗೆ. ಉಂಗುರವು ತನ್ನದು, ಆದುದರಿಂದ ತನ್ನವನಿಗೆ. ಆ ಎರಡರ ನಡುವೆ ಸಾಮ್ರಾಜ್ಯವೆಂಬುದು ಯಾರ ಕೈಗೆ ಬಂದಿತು ಎಂಬುದನ್ನು ಆ ಕೋಣೆಯಲ್ಲಿದ್ದ ಯಾರೊಬ್ಬರೂ ಬಾಯಿಬಿಟ್ಟು ಹೇಳುವಂತಿರಲಿಲ್ಲ. ಆಗಸ್ಟಸನು ಚೇತರಿಸಿಕೊಂಡನು, ಆದರೆ ಅದೇ ವರ್ಷ ಮಾರ್ಸೆಲಸನು ಕಾಯಿಲೆಬಿದ್ದು, ಇಪ್ಪತ್ತು ತುಂಬುವ ವೇಳೆಗೆ ತೀರಿಕೊಂಡನು.

ಆಮೇಲಿನ ಇಪ್ಪತ್ತೈದು ವರ್ಷಗಳ ಕಥೆಯು ಒಬ್ಬ ಮುದುಕನು ಉತ್ತರಾಧಿಕಾರಿಗಾಗಿ ತನ್ನ ಮನೆಯವರ ಬದುಕನ್ನೆಲ್ಲ ಚದುರಂಗದ ಕಾಯಿಗಳಂತೆ ಸರಿಸುತ್ತ ಹೋದ ಕಥೆ. ವಿಧವೆಯಾದ ಜೂಲಿಯಾಳನ್ನು ತಂದೆಯ ವಯಸ್ಸಿನ ಅಗ್ರಿಪ್ಪನಿಗೆ ಕೊಟ್ಟು ಮದುವೆಮಾಡಲಾಯಿತು. ಅವರಿಗೆ ಹುಟ್ಟಿದ ಗೇಯಸ್ ಮತ್ತು ಲೂಷಿಯಸರನ್ನು ಕ್ರಿ.ಪೂ. ೧೭ರಲ್ಲಿ ತಾತನು ದತ್ತು ತೆಗೆದುಕೊಂಡನು. ತಕ್ಕಡಿಯನ್ನೂ ತಾಮ್ರದ ಕಾಸನ್ನೂ ಮುಂದಿಟ್ಟುಕೊಂಡು, ತಂದೆಯಿಂದ ಮಗುವನ್ನು ಕೊಂಡಂತೆ ನಟಿಸುವ ಪುರಾತನ ವಿಧಿಯಿಂದ ಆ ದತ್ತಸ್ವೀಕಾರವು ನಡೆಯಿತು. ನಮ್ಮಲ್ಲಿ ದತ್ತಕವೆಂದೊಡನೆ ಪಿಂಡೋದಕಗಳ ನೆನಪು ಮುಂದೆ ಬರುತ್ತದೆ, ಎಳೆಯ ಮಗುವಿನ ಚಿತ್ರವು ಕಣ್ಣಮುಂದೆ ನಿಲ್ಲುತ್ತದೆ; ರೋಮಿನ ಶ್ರೀಮಂತ ಕುಲಗಳಲ್ಲಿ ಅದು ಬಹುಮಟ್ಟಿಗೆ ಹೆಸರನ್ನೂ ಆಸ್ತಿಯನ್ನೂ ಕೈದಾಟಿಸುವ ಉಪಾಯವಾಗಿತ್ತು, ಪ್ರಾಯಸ್ಥರಾದ ಗಂಡಸರೂ ದತ್ತುಹೋಗುತ್ತಿದ್ದರು. ಅಧಿಕಾರವನ್ನು ಬರೆದುಕೊಡಲಾರದ ಆಗಸ್ಟಸನಿಗೆ 'ಸೀಸರ್' ಎಂಬ ಹೆಸರನ್ನು ಕೊಡುವುದಂತೂ ಸಾಧ್ಯವಾಗಿದ್ದಿತು, ಸೈನಿಕರು ಮಣಿಯುತ್ತಿದ್ದುದೂ ಆ ಹೆಸರಿಗೇ.

ಕ್ರಿ.ಪೂ. ೧೨ರಲ್ಲಿ ಅಗ್ರಿಪ್ಪನು ಸತ್ತನು. ಜೂಲಿಯಾಳನ್ನು ಈ ಸಲ ಆಗಸ್ಟಸನ ಹೆಂಡತಿ ಲಿವಿಯಾಳ ಮೊದಲ ಮದುವೆಯ ಮಗನಾದ ಟೈಬೀರಿಯಸನಿಗೆ ಕೊಡಬೇಕೆಂದಾಯಿತು. ಅವನಿಗಾಗಲೇ ಮದುವೆಯಾಗಿದ್ದಿತು, ಹೆಂಡತಿ ವಿಪ್ಸೇನಿಯಾಳನ್ನು ಅವನು ಪ್ರೀತಿಸುತ್ತಿದ್ದನು. ಅವಳನ್ನು ಬಿಟ್ಟುಬಿಡಬೇಕೆಂಬ ಅಪ್ಪಣೆಗೆ ಅವನು ತಲೆಬಾಗಿದನು. ಮುಂದೊಮ್ಮೆ ದಾರಿಯಲ್ಲಿ ಅವಳನ್ನು ಕಂಡು, ಕಣ್ಣುಗಳಲ್ಲಿ ನೀರು ತುಂಬಿಕೊಂಡು ಅವಳು ಹೋದ ಕಡೆಯೇ ನೋಡುತ್ತ ಹಿಂಬಾಲಿಸಿದನೆಂದೂ, ಅಲ್ಲಿಂದಾಚೆಗೆ ಅವಳು ಅವನ ಕಣ್ಣಿಗೆ ಬೀಳದಂತೆ ಎಚ್ಚರವಹಿಸಲಾಯಿತೆಂದೂ ಚರಿತ್ರಕಾರ ಸುಯಟೋನಿಯಸನು ಬರೆದಿದ್ದಾನೆ. ಟೈಬೀರಿಯಸನ ವೃದ್ಧಾಪ್ಯದ ಕ್ರೌರ್ಯವನ್ನು ಕುರಿತು ನೂರಾರು ಪುಟಗಳನ್ನು ಬರೆದವರು ಈ ಒಂದು ಗಳಿಗೆಯನ್ನು ಇನ್ನಷ್ಟು ಕಾಲ ನೆನಪಿನಲ್ಲಿಟ್ಟುಕೊಳ್ಳಬೇಕಾಗಿತ್ತು ಎಂದು ನನಗೆ ಅನ್ನಿಸುತ್ತದೆ. ಜೂಲಿಯಾಳೊಂದಿಗಿನ ದಾಂಪತ್ಯವು ಮುರಿಯಿತು, ಟೈಬೀರಿಯಸನು ರೋಡ್ಸ್ ದ್ವೀಪಕ್ಕೆ ಸರಿದುಹೋದನು, ಜೂಲಿಯಾಳು ಕ್ರಿ.ಪೂ. ೨ರಲ್ಲಿ ವ್ಯಭಿಚಾರದ ಆಪಾದನೆಗೊಳಗಾಗಿ ತಂದೆಯಿಂದಲೇ ಪಾಂಡಟೇರಿಯ ಎಂಬ ಪುಟ್ಟ ದ್ವೀಪಕ್ಕೆ ಗಡೀಪಾರಾದಳು. ಕ್ರಿ.ಶ. ೨ರಲ್ಲಿ ಲೂಷಿಯಸನು ಮಸಿಲಿಯದಲ್ಲಿ, ಇಂದಿನ ಮಾರ್ಸೇಲ್ಸ್ ನಗರದಲ್ಲಿ, ಸತ್ತನು. ಎರಡು ವರ್ಷಗಳ ತರುವಾಯ ಗೇಯಸನು ಆರ್ಮೇನಿಯದಲ್ಲಿ ಪಡೆದ ಗಾಯದಿಂದ ನವೆದು, ಮನೆಗೆ ಮರಳುವ ದಾರಿಯಲ್ಲಿ ಪ್ರಾಣಬಿಟ್ಟನು. ನಮ್ಮ ನೆಲದಲ್ಲಿ ಸಿಕ್ಕ ನಾಣ್ಯದ ಆ ಇಬ್ಬರು ತರುಣರ ಕಥೆ ಹೀಗೆ ಮುಗಿಯಿತು. ಬೇರೆ ದಾರಿಯಿಲ್ಲದೆ ಆಗಸ್ಟಸನು ನಲವತ್ತನಾಲ್ಕು ವರ್ಷದ ಟೈಬೀರಿಯಸನನ್ನು ಮಗನನ್ನಾಗಿ ಸ್ವೀಕರಿಸಿದನು. ಅದರೊಡನೆಯೇ, ಸ್ವಂತ ಮಗನಿದ್ದ ಟೈಬೀರಿಯಸನು ತನ್ನ ತಮ್ಮನ ಮಗನಾದ ಜರ್ಮ್ಯಾನಿಕಸನನ್ನು ದತ್ತು ತೆಗೆದುಕೊಳ್ಳಬೇಕೆಂದು ವಿಧಿಸಿದನು. ಜರ್ಮ್ಯಾನಿಕಸನ ಹೆಂಡತಿ ಆಗಸ್ಟಸನ ಮೊಮ್ಮಗಳು. ಮುಂದಿನ ತಲೆಯಲ್ಲಿಯಾದರೂ ತನ್ನ ರಕ್ತವು ಅಧಿಕಾರಕ್ಕೆ ಬರಲಿ ಎಂಬುದು ಆ ವೃದ್ಧನ ಹಂಬಲ. ಆ ಹಂಬಲವು ಫಲಿಸಿತು. ಫಲಿಸಿ ಲೋಕಕ್ಕೆ ಕ್ಯಾಲಿಗುಲನನ್ನೂ ನೀರೋವನ್ನೂ ಕೊಟ್ಟಿತು.

ಕ್ರಿ.ಶ. ೧೪ರ ಆಗಸ್ಟ್ ೧೯ರಂದು ನೋಲಾ ಎಂಬ ಊರಿನಲ್ಲಿ ಆಗಸ್ಟಸನು ಕಣ್ಣುಮುಚ್ಚಿದನು. ಲಿವಿಯಾಳು ಮನೆಗೂ ಬೀದಿಗೂ ಕಾವಲಿಟ್ಟು, ಚಕ್ರವರ್ತಿಯು ಗುಣಮುಖನಾಗುತ್ತಿದ್ದಾನೆಂಬ ಸುದ್ದಿಯನ್ನು ಹೊರಕ್ಕೆ ಬಿಡುತ್ತಿದ್ದು, ಎಲ್ಲ ಏರ್ಪಾಡುಗಳೂ ಮುಗಿದ ಮೇಲೆ ಮರಣವಾರ್ತೆಯನ್ನೂ ಟೈಬೀರಿಯಸನ ಅಧಿಕಾರಸ್ವೀಕಾರವನ್ನೂ ಒಟ್ಟಿಗೇ ಪ್ರಕಟಿಸಿದಳೆಂದು ಚರಿತ್ರಕಾರ ಟ್ಯಾಸಿಟಸನು ಹೇಳುತ್ತಾನೆ. ಗಡೀಪಾರಾಗಿ ದ್ವೀಪದಲ್ಲಿದ್ದ, ಜೂಲಿಯಾಳ ಕೊನೆಯ ಮಗ ಅಗ್ರಿಪ್ಪ ಪೋಸ್ಟುಮಸನನ್ನು ಕಾವಲಿನ ಅಧಿಕಾರಿಯು ಕೊಂದನು. ಅಪ್ಪಣೆಯನ್ನು ನೆರವೇರಿಸಿದ್ದೇನೆಂದು ಅವನು ಬಂದು ಅರಿಕೆಮಾಡಿದಾಗ ಟೈಬೀರಿಯಸನು, ತಾನು ಅಂತಹ ಅಪ್ಪಣೆಯನ್ನು ಕೊಟ್ಟೇ ಇಲ್ಲವೆಂದನು. ಹೊಸ ಆಳ್ವಿಕೆಯ ಮೊದಲ ಕಾರ್ಯವೇ ಒಂದು ಕೊಲೆ. ಆ ಕೊಲೆಯ ಹೊಣೆಯನ್ನು ಹೊರಲು ಯಾರೂ ಇಲ್ಲ.

ಟೈಬೀರಿಯಸನ ಕಾಲದಲ್ಲಿ ಮುಂದಿನ ಇತಿಹಾಸವನ್ನೆಲ್ಲ ನಿರ್ಣಯಿಸಿದ ಒಂದು ಕಟ್ಟಡವು ಎದ್ದಿತು. ಪ್ರಿಟೋರಿಯನ್ ಪಡೆಯೆಂದು ಹೆಸರಾದ ಚಕ್ರವರ್ತಿಯ ಅಂಗರಕ್ಷಕರ ದಳಗಳು ಅದುವರೆಗೆ ರೋಮಿನ ಒಳಗೂ ಸುತ್ತಣ ಊರುಗಳಲ್ಲಿಯೂ ಚದುರಿಕೊಂಡಿದ್ದವು. ಅವುಗಳ ಅಧಿಪತಿಯಾದ ಸೆಜೇನಸನು ಕ್ರಿ.ಶ. ೨೩ರ ಸುಮಾರಿಗೆ ಅವೆಲ್ಲವನ್ನೂ ನಗರದ ಅಂಚಿನಲ್ಲಿ ಒಂದೇ ಪಾಳೆಯದೊಳಗೆ ತಂದು ನೆಲೆಗೊಳಿಸಿದನು. ಸೆಜೇನಸನ ಏರಿಕೆಯನ್ನೂ, ಕ್ರಿ.ಶ. ೩೧ರ ಅಕ್ಟೋಬರ್ ೧೮ರಂದು ಕ್ಯಾಪ್ರಿ ದ್ವೀಪದಿಂದ ಬಂದ ಚಕ್ರವರ್ತಿಯ ಓಲೆಯೊಂದನ್ನು ಸೆನೆಟಿನಲ್ಲಿ ಓದಿ ಮುಗಿಸುವಷ್ಟರಲ್ಲಿ ಆದ ಅವನ ಪತನವನ್ನೂ ಇಲ್ಲಿ ವಿಸ್ತರಿಸಬೇಕಾಗಿಲ್ಲ. ಅವನು ಹೋದನು, ಪಾಳೆಯ ಉಳಿಯಿತು. ಇಟ್ಟಿಗೆಯ ಆ ಗೋಡೆಗಳು ಇಂದಿಗೂ ರೋಮಿನಲ್ಲಿ ನಿಂತಿವೆ.

ಆ ಪಾಳೆಯಕ್ಕೆ ತನ್ನ ಬಲವೇನೆಂದು ತಿಳಿದದ್ದು ಕ್ರಿ.ಶ. ೪೧ರ ಜನವರಿ ೨೪ರಂದು. ಟೈಬೀರಿಯಸನ ತರುವಾಯ ಬಂದ ಕ್ಯಾಲಿಗುಲನು ಆ ದಿನ ಪ್ಯಾಲಟೈನ್ ಗುಡ್ಡದ ಮೇಲೆ ನಡೆಯುತ್ತಿದ್ದ ನಾಟಕೋತ್ಸವದ ನಡುವೆ ಎದ್ದು, ಒಂದು ಇಕ್ಕಟ್ಟಾದ ಓಣಿಯೊಳಗೆ ಕಾಲಿಟ್ಟನು. ಅವನನ್ನು ಇರಿದವರಲ್ಲಿ ಮೊದಲಿಗನು ಅಂಗರಕ್ಷಕ ಪಡೆಯವನೇ ಆದ ಕ್ಯಾಸಿಯಸ್ ಕೀರಿಯ, ಧ್ವನಿಯ ಮೃದುತ್ವಕ್ಕಾಗಿ ಚಕ್ರವರ್ತಿಯಿಂದ ದಿನವೂ ಹೀಯಾಳಿಕೆಯನ್ನು ಉಂಡ ಹಳೆಯ ಯೋಧ. ರಾಣಿಯನ್ನೂ ಹಸುಗೂಸಾದ ಹೆಣ್ಣುಮಗುವನ್ನೂ ಕೊಂದುಹಾಕಿದರು. ಸೆನೆಟು ಕ್ಯಾಪಿಟಲ್ ಗುಡ್ಡದ ಮೇಲೆ ನೆರೆಯಿತು. ಕಾನ್ಸಲ್ ಆಗಿದ್ದ ಸೆಂಟಿಯಸ್ ಸ್ಯಾಟರ್ನೈನಸನು ಸ್ವಾತಂತ್ರ್ಯವನ್ನು ಕುರಿತು ಭಾವಪೂರ್ಣವಾದ ಭಾಷಣವನ್ನು ಮಾಡಿದನು. ಜೂಲಿಯಸ್ ಸೀಸರನ ಕಾಲದಿಂದ ಆ ಸಭೆಯು ಅಂತಹ ಮಾತುಗಳನ್ನು ಕೇಳಿರಲಿಲ್ಲ. ಅವನು ಮಾತನಾಡುತ್ತಿರುವಾಗಲೇ, ಅವನ ಬೆರಳಿನಲ್ಲಿದ್ದ ಉಂಗುರದ ಹರಳಿನಲ್ಲಿ ಕ್ಯಾಲಿಗುಲನ ಬಿಂಬವೇ ಕೊರೆದಿರುವುದನ್ನು ಸಭಿಕನೊಬ್ಬನು ಕಂಡು, ಓಡಿಬಂದು ಅದನ್ನು ಕಿತ್ತುಹಾಕಿದನೆಂದು ಚರಿತ್ರಕಾರ ಜೊಸೀಫಸನ ಗ್ರಂಥದಲ್ಲಿದೆ. ಆ ರಾತ್ರಿ ಕಾವಲಿನ ಸಂಕೇತಪದವನ್ನು ಕೀರಿಯನು ಕಾನ್ಸಲರಿಂದ ಕೇಳಿ ಪಡೆದನು; ಅವರು ಕೊಟ್ಟ ಪದವು 'ಸ್ವಾತಂತ್ರ್ಯ'.

ಅತ್ತ ಅರಮನೆಯಲ್ಲಿ ಕೈಗೆ ಸಿಕ್ಕಿದ್ದನ್ನು ದೋಚುತ್ತ ಅಲೆಯುತ್ತಿದ್ದ ಸೈನಿಕನೊಬ್ಬನಿಗೆ ತೆರೆಯೊಂದರ ಕೆಳಗೆ ಯಾರದೋ ಪಾದಗಳು ಕಾಣಿಸಿದವು. ಎಳೆದು ನೋಡಿದರೆ, ಕ್ಯಾಲಿಗುಲನ ಚಿಕ್ಕಪ್ಪನಾದ ಕ್ಲಾಡಿಯಸ್. ಐವತ್ತರ ಹತ್ತಿರದವನು, ಕಾಲು ಎಳೆಯುತ್ತ ನಡೆಯುವವನು, ಮಾತಿನಲ್ಲಿ ತೊದಲುವವನು, ಗ್ರಂಥಗಳ ನಡುವೆ ಕಾಲಕಳೆದವನು, ಮನೆಮಂದಿಯೆಲ್ಲ ಕೈಲಾಗದವನೆಂದು ಮೂಲೆಗಿಟ್ಟಿದ್ದವನು. ಕೊಲೆಯಾಗುವೆನೆಂದು ಹೆದರಿ ಕಾಲಿಗೆ ಬಿದ್ದ ಅವನಿಗೆ ಸೈನಿಕನು ಚಕ್ರವರ್ತಿಯೆಂದು ವಂದಿಸಿದನು. ಅವನನ್ನು ಪಲ್ಲಕ್ಕಿಯಲ್ಲಿ ಕೂರಿಸಿ ಪಾಳೆಯಕ್ಕೆ ಹೊತ್ತೊಯ್ದರು. ಸೆನೆಟು ಆ ರಾತ್ರಿಯೆಲ್ಲ ಚರ್ಚಿಸಿತು: ಗಣರಾಜ್ಯವನ್ನು ಹಿಂದಿರುಗಿ ತರುವುದೆ, ಅಥವಾ ತಮ್ಮೊಳಗೇ ಒಬ್ಬನನ್ನು ಆರಿಸುವುದೆ? ಆರಿಸುವುದಾದರೆ ಯಾರನ್ನು ಎಂಬಲ್ಲಿಗೆ ಬಂದಾಗ ಸ್ವಾತಂತ್ರ್ಯದ ಮಾತು ಹಿಂದೆ ಬಿದ್ದು, ಒಬ್ಬೊಬ್ಬರಾಗಿ ಅಭ್ಯರ್ಥಿಗಳು ಮೇಲೆದ್ದರು. ಮರುದಿನ ಸಭೆಗೆ ಬಂದವರು ನೂರಕ್ಕೂ ಕಡಮೆ. ಅಷ್ಟರಲ್ಲಿ ಕ್ಲಾಡಿಯಸನು ಪಾಳೆಯದ ಒಬ್ಬೊಬ್ಬ ಸೈನಿಕನಿಗೂ ೧೫,೦೦೦ ಸೆಸ್ಟರ್ಸುಗಳನ್ನು ಕೊಡುವುದಾಗಿ ಮಾತುಕೊಟ್ಟಿದ್ದನು. ಅದು ಅವರ ಐದು ವರ್ಷಗಳ ಸಂಬಳ. ಆಗಸ್ಟಸನು ತನ್ನ ಉಯಿಲಿನಲ್ಲಿ ಅದೇ ಪಡೆಯವರಿಗೆ ಬಿಟ್ಟುಹೋದದ್ದು ತಲೆಗೆ ೧,೦೦೦ ಮಾತ್ರ. ಸೆನೆಟಿನ ಕಡೆಗಿದ್ದ ಸೈನಿಕರೂ ಪಾಳೆಯದ ಕಡೆಗೆ ನಡೆದರು. ಕ್ಲಾಡಿಯಸನು ಸೀಸರನ ವಂಶಕ್ಕೆ ಹುಟ್ಟಿದವನೂ ಅಲ್ಲ, ದತ್ತು ಬಂದವನೂ ಅಲ್ಲ. ಆ ಹೆಸರನ್ನು ಅವನು ತಾನಾಗಿಯೇ ತೆಗೆದುಕೊಂಡನು. ಅಲ್ಲಿಂದ ಮುಂದೆ ಅದು ಮನೆತನದ ಹೆಸರಾಗಿ ಉಳಿಯದೆ ಪದವಿಯ ಹೆಸರಾಗತೊಡಗಿತು. ತನ್ನನ್ನು ಯಾರು ಚಕ್ರವರ್ತಿಯನ್ನಾಗಿ ಮಾಡಿದರೆಂಬುದನ್ನು ಅವನು ಮುಚ್ಚಿಡಲೂ ಇಲ್ಲ. ಅವನ ಚಿನ್ನದ ಹಾಗೂ ಬೆಳ್ಳಿಯ ನಾಣ್ಯಗಳ ಮೇಲೆ ಆ ಪಾಳೆಯದ ಗೋಡೆಯೇ ಅಚ್ಚಾಗಿದೆ. ಅರ್ಧ ಶತಮಾನದ ಹಿಂದೆ ಇಬ್ಬರು ಮೊಮ್ಮಕ್ಕಳ ಚಿತ್ರವಿದ್ದ ಸ್ಥಳದಲ್ಲಿ ಈಗ ದಂಡಿನ ಕೋಟೆ.

ಕ್ಲಾಡಿಯಸನ ಮನೆಯಲ್ಲಿ ನಡೆದ ಮುಂದಿನ ಸಂಚನ್ನು ಹೇಳುವಾಗ ಹಳೆಯ ಚರಿತ್ರಕಾರರೆಲ್ಲರೂ ಕ್ಯಾಲಿಗುಲನ ತಂಗಿಯಾದ ಅಗ್ರಿಪ್ಪಿನಾಳನ್ನು ರಾಕ್ಷಸಿಯೆಂದು ಚಿತ್ರಿಸಿದ್ದಾರೆ. ಆಕೆಯ ಕೈ ಶುದ್ಧವಾಗಿದ್ದಿತೆಂದು ನಾನು ಹೇಳುವುದಿಲ್ಲ. ಆದರೆ ಆಕೆಯ ಬಾಲ್ಯವನ್ನು ನೋಡಬೇಕು. ತಂದೆ ಜರ್ಮ್ಯಾನಿಕಸನು ಪರದೇಶದಲ್ಲಿ ಸತ್ತನು. ತಾಯಿಯು ಗಡೀಪಾರಾಗಿ ದ್ವೀಪದಲ್ಲಿ ಉಪವಾಸದಿಂದ ಸತ್ತಳು. ಇಬ್ಬರು ಹಿರಿಯ ಅಣ್ಣಂದಿರು ಸೆರೆಯಲ್ಲಿಯೋ ಗಡೀಪಾರಿನಲ್ಲಿಯೋ ಸತ್ತರು. ಉಳಿದ ಅಣ್ಣ ಕ್ಯಾಲಿಗುಲನು ಆಕೆಯನ್ನೇ ದ್ವೀಪಕ್ಕಟ್ಟಿದನು. ಸಿಂಹಾಸನದ ಸಮೀಪದಲ್ಲಿ ಹುಟ್ಟಿ ಅದನ್ನು ಏರದೆ ಉಳಿದವರಿಗೆ ಬದುಕುಳಿಯುವ ಹಾದಿಯೇ ಇಲ್ಲವೆಂಬುದನ್ನು ಆಕೆ ಗ್ರಂಥದಿಂದ ಕಲಿಯಬೇಕಾಗಿರಲಿಲ್ಲ. ಕ್ರಿ.ಶ. ೪೯ರಲ್ಲಿ ಆಕೆ ತನ್ನ ಚಿಕ್ಕಪ್ಪನಾದ ಕ್ಲಾಡಿಯಸನನ್ನೇ ಮದುವೆಯಾದಳು. ಅಣ್ಣನ ಮಗಳನ್ನು ವರಿಸುವುದು ರೋಮಿನಲ್ಲಿ ನಿಷಿದ್ಧವಾಗಿದ್ದುದರಿಂದ, ಸೆನೆಟು ಅದಕ್ಕಾಗಿಯೇ ಒಂದು ನಿರ್ಣಯವನ್ನು ಮಾಡಿತು. ಮಾರನೆಯ ವರ್ಷ ಆಕೆಯ ಮೊದಲ ಮದುವೆಯ ಮಗನು ದತ್ತುಸ್ವೀಕೃತನಾಗಿ ನೀರೋ ಎಂಬ ಹೆಸರನ್ನು ಪಡೆದನು; ಕ್ಲಾಡಿಯಸನ ಸ್ವಂತ ಮಗ ಬ್ರಿಟ್ಯಾನಿಕಸನಿಗಿಂತ ಮೂರು ವರ್ಷ ದೊಡ್ಡವನಾದ್ದರಿಂದ ಮುಂದಿನ ಸಾಲಿಗೆ ಬಂದನು. ಕ್ಲಾಡಿಯಸನ ಮಗಳು ಆಕ್ಟೇವಿಯಾಳಿಗೆ ನಿಶ್ಚಯವಾಗಿದ್ದ ವರನನ್ನು ಅಪವಾದ ಹೊರಿಸಿ ಸೆನೆಟಿನಿಂದ ತೆಗೆಸಲಾಯಿತು. ಅಗ್ರಿಪ್ಪಿನಾಳ ಮದುವೆಯ ದಿನವೇ ಅವನು ಆತ್ಮಹತ್ಯೆ ಮಾಡಿಕೊಂಡನು. ಆಕ್ಟೇವಿಯಾಳನ್ನು ನೀರೋವಿಗೆ ಕೊಟ್ಟರು. ಮಗನಿಗೆ ಗುರುವಾಗಿ ಗಡೀಪಾರಿನಿಂದ ತತ್ತ್ವಜ್ಞಾನಿ ಸೆನೆಕನು ಬಂದನು. ಅಂಗರಕ್ಷಕ ಪಡೆಗೆ ಇಬ್ಬರು ಅಧಿಪತಿಗಳಿದ್ದ ಕಡೆ ಬುರ್ರಸ್ ಎಂಬ ಒಬ್ಬನೇ ನೇಮಕಗೊಂಡನು. ಗಮನಿಸಬೇಕಾದದ್ದೆಂದರೆ, ಇವುಗಳಲ್ಲಿ ಒಂದೊಂದು ಹೆಜ್ಜೆಯೂ ಆಗಸ್ಟಸನು ಹಿಂದೆ ಇಟ್ಟ ಹೆಜ್ಜೆಯೇ. ಮದುವೆ, ಮದುವೆಯ ಭಂಗ, ದತ್ತು, ಹೆಣ್ಣುಮಕ್ಕಳ ಕೈದಾಟಿಕೆ, ಎಲ್ಲವೂ ಆತನೇ ತೋರಿಸಿಕೊಟ್ಟ ಉಪಾಯಗಳು. ಆತನು ಮಾಡಿದಾಗ ರಾಜನೀತಿಯೆನಿಸಿದ್ದು ಆತನ ಮರಿಮಗಳು ಮಾಡಿದಾಗ ಪಾತಕವೆನಿಸಿತು.

ಕ್ರಿ.ಶ. ೫೪ರ ಅಕ್ಟೋಬರ್ ೧೩ರಂದು ಕ್ಲಾಡಿಯಸನು ಸತ್ತನು. ಅಣಬೆಯ ಪದಾರ್ಥದಲ್ಲಿ ವಿಷವಿಕ್ಕಲಾಯಿತೆಂದು ಪ್ರಾಚೀನರು ಹೆಚ್ಚುಕಡಮೆ ಒಮ್ಮತದಿಂದ ಹೇಳುತ್ತಾರೆ. ಅವರಲ್ಲಿ ಮುಖ್ಯನಾದ ಟ್ಯಾಸಿಟಸನು ಆಗ ಹುಟ್ಟಿಯೂ ಇರಲಿಲ್ಲ, ಮತ್ತು ಅರವತ್ತನಾಲ್ಕನೆಯ ವಯಸ್ಸಿನ ರೋಗಿಷ್ಠನೊಬ್ಬನು ವಿಷವಿಲ್ಲದೆಯೂ ಸಾಯಬಲ್ಲನು. ಆದರೆ ಸಾವಿನ ತರುವಾಯ ನಡೆದುದರಲ್ಲಿ ಸಂದೇಹಕ್ಕೆ ಎಡೆ ಕಡಮೆ. ಕಳೇಬರದ ಮೇಲೆ ಹೊದಿಕೆಗಳನ್ನು ಹೊದಿಸಿ, ಚಿಕಿತ್ಸೆ ನಡೆಯುತ್ತಿರುವಂತೆ ತೋರಿಸುತ್ತಿದ್ದರು; ಸೆನೆಟು ಅವನ ಆರೋಗ್ಯಕ್ಕಾಗಿ ಹರಕೆಗಳನ್ನು ಹೊರುತ್ತಿದ್ದಿತು. ಅಗ್ರಿಪ್ಪಿನಾಳು ಶೋಕದಿಂದ ಕುಗ್ಗಿದವಳಂತೆ ಬ್ರಿಟ್ಯಾನಿಕಸನನ್ನು ತಬ್ಬಿಕೊಂಡು, ತಂದೆಯ ಪ್ರತಿರೂಪವೆಂದು ಮುದ್ದಿಸುತ್ತ, ಕೋಣೆಯಿಂದ ಹೊರಗೆ ಹೋಗದಂತೆ ಹಿಡಿದಿಟ್ಟಳು. ಜ್ಯೋತಿಷಿಗಳು ಹೇಳಿದ ಶುಭಮುಹೂರ್ತಕ್ಕಾಗಿ ಕಾಯ್ದು, ನಡುಹಗಲಿನಲ್ಲಿ ಅರಮನೆಯ ಬಾಗಿಲು ತೆರೆದಾಗ, ಬುರ್ರಸನೊಡನೆ ಹೊರಬಂದವನು ಹದಿನಾರು ವರ್ಷದ ನೀರೋ. ಕಾವಲಿನಲ್ಲಿದ್ದ ಕೆಲವರು ಬ್ರಿಟ್ಯಾನಿಕಸನೆಲ್ಲಿ ಎಂದು ಹಿಂದಿರುಗಿ ನೋಡಿ ಕೇಳಿದರು. ಯಾರೂ ಉತ್ತರಿಸಲಿಲ್ಲ. ಮೆರವಣಿಗೆಯು ಪಾಳೆಯಕ್ಕೆ ಸಾಗಿತು, ಹಣದ ವಾಗ್ದಾನವಾಯಿತು, ಜಯಘೋಷವಾಯಿತು. ಸೆನೆಟು ಆಮೇಲೆ ಒಪ್ಪಿಕೊಂಡಿತು. ನಾಲ್ಕು ತಿಂಗಳಲ್ಲಿ, ಹದಿನಾಲ್ಕು ತುಂಬುವ ಮುನ್ನ, ಬ್ರಿಟ್ಯಾನಿಕಸನು ಊಟದ ಪಂಕ್ತಿಯಲ್ಲಿಯೇ ಕುಸಿದು ಸತ್ತನು. ಐದು ವರ್ಷಗಳಲ್ಲಿ ಅಗ್ರಿಪ್ಪಿನಾಳನ್ನು ಮಗನೇ ಕೊಲ್ಲಿಸಿದನು.

ನೀರೋವಿನೊಂದಿಗೆ ಆಗಸ್ಟಸನ ಮನೆತನವು ಕ್ರಿ.ಶ. ೬೮ರ ಜೂನ್ ೯ರಂದು ಮುಗಿಯಿತು. ಹೆಸರಿನ ಮುಸುಕೂ ಹರಿದುಹೋದ ಮೇಲೆ, ಕೇವಲ ಒಂದೂವರೆ ವರ್ಷದಲ್ಲಿ ನಾಲ್ವರು ಬಂದರು. ಸ್ಪೇನಿನಿಂದ ಬಂದ ಎಪ್ಪತ್ತು ದಾಟಿದ ಗಾಲ್ಬನು, ಸೈನಿಕರಿಗೆ ತನ್ನ ಹೆಸರಿನಲ್ಲಿ ವಾಗ್ದಾನಮಾಡಿದ್ದ ಹಣವನ್ನು ಕೊಡಲೊಪ್ಪದೆ, ಯೋಗ್ಯನೆಂದು ತೋರಿದ ಪೀಸೋ ಎಂಬ ಕುಲೀನ ತರುಣನನ್ನು ಮರುವರ್ಷದ ಜನವರಿ ೧೦ರಂದು ದತ್ತು ತೆಗೆದುಕೊಂಡನು. ಆ ದತ್ತಿಗೆ ತಾನೇ ಅರ್ಹನೆಂದು ಕಾದಿದ್ದ ಓಥೋವನ್ನು ೧೫ರಂದು ಇಪ್ಪತ್ತಮೂರು ಜನ ಸೈನಿಕರು ಚಕ್ರವರ್ತಿಯೆಂದು ಕೂಗಿದರು. ಸಂಜೆಯೊಳಗೆ ಗಾಲ್ಬನ ತಲೆಯೂ ಪೀಸೋವಿನ ತಲೆಯೂ ಈಟಿಗಳ ತುದಿಯಲ್ಲಿದ್ದವು. ಏಪ್ರಿಲಿನಲ್ಲಿ ಓಥೋ ಸತ್ತನು, ಡಿಸೆಂಬರಿನಲ್ಲಿ ಅವನ ತರುವಾಯ ಬಂದ ವಿಟೆಲಿಯಸ್. ಕಡೆಗೆ ಪೂರ್ವದ ಸೈನ್ಯಗಳು ಎತ್ತಿಹಿಡಿದ ವೆಸ್ಪೇಸಿಯನನು ಗೆದ್ದನು. ಅವನ ಅಧಿಕಾರಗಳನ್ನು ಪಟ್ಟಿಮಾಡಿದ ಶಾಸನದ ಕಂಚಿನ ಫಲಕವೊಂದು ರೋಮಿನ ಕ್ಯಾಪಿಟೊಲೈನ್ ವಸ್ತುಸಂಗ್ರಹಾಲಯದಲ್ಲಿದೆ. ಆಗಸ್ಟಸ್, ಟೈಬೀರಿಯಸ್ ಮತ್ತು ಕ್ಲಾಡಿಯಸರಿಗೆ ಇದ್ದಂತೆ ಇವನಿಗೂ ಸಂಧಿಮಾಡುವ ಅಧಿಕಾರ, ಸೆನೆಟನ್ನು ಕರೆಯುವ ಅಧಿಕಾರ, ರಾಜ್ಯದ ಹಿತಕ್ಕೆ ತಕ್ಕುದೆಂದು ತೋರಿದ್ದನ್ನೆಲ್ಲ ಮಾಡುವ ಅಧಿಕಾರ, ಎಂದು ಅದು ಒಂದೊಂದಾಗಿ ಹೇಳುತ್ತದೆ. ಕ್ಯಾಲಿಗುಲ, ನೀರೋಗಳ ಹೆಸರನ್ನು ಬಿಟ್ಟುಬಿಡುತ್ತದೆ. ಮೂವರು ಚಕ್ರವರ್ತಿಗಳ ರಕ್ತವು ಆರುವ ಮೊದಲೇ ಬರೆದ ಆ ಶಾಸನದ ಉಳಿದಿರುವ ಭಾಗದಲ್ಲಿ ಇವನ ತರುವಾಯ ಯಾರು ಎಂಬುದಕ್ಕೆ ಒಂದು ಪಂಕ್ತಿಯೂ ಇಲ್ಲ.

ಇಷ್ಟಾದ ಮೇಲೆ ಓದುಗರಲ್ಲಿ ಕೆಲವರು ನರ್ವನಿಂದ ಮಾರ್ಕಸ್ ಆರೀಲಿಯಸನವರೆಗಿನ ಐವರು ಸತ್ಪ್ರಭುಗಳ ಕಾಲವನ್ನು ನೆನಪಿಸಬಹುದು. ಆಗ ಯೋಗ್ಯನಾದವನನ್ನು ಆರಿಸಿ ದತ್ತು ತೆಗೆದುಕೊಳ್ಳುವ ಸತ್ಸಂಪ್ರದಾಯವು ನೆಲೆಗೊಂಡಿತಲ್ಲವೆ ಎಂದು ಕೇಳಬಹುದು. ಆ ಆಳ್ವಿಕೆಗಳ ಹಿರಿಮೆಯು ನಿಜ. ಆದರೆ ಅದನ್ನು ಸಂಪ್ರದಾಯವೆಂದು ಕರೆಯಲು ನಾನು ಒಪ್ಪಲಾರೆ. ನರ್ವ, ಟ್ರಾಜನ್, ಹೇಡ್ರಿಯನ್, ಈ ಮೂವರಿಗೆ ಗಂಡುಮಕ್ಕಳಿರಲಿಲ್ಲ. ಆಂಟೊನೈನಸನ ಗಂಡುಮಕ್ಕಳು ಮೊದಲೇ ಸತ್ತಿದ್ದರು. ಟ್ರಾಜನನು ಹೇಡ್ರಿಯನನನ್ನು ದತ್ತು ತೆಗೆದುಕೊಂಡ ಪತ್ರಗಳಿಗೆ ಸಹಿಹಾಕಿದ್ದವಳು ಅವನ ಪತ್ನಿ ಪ್ಲೊಟೀನಾ ಎಂಬ ಮಾತು ಪ್ರಾಚೀನರಲ್ಲಿಯೇ ಇದ್ದಿತು. ಐವರಲ್ಲಿ ಬದುಕುಳಿದ ಮಗನನ್ನು ಪಡೆದವನು ತತ್ತ್ವಜ್ಞಾನಿಯಾದ ಮಾರ್ಕಸನೊಬ್ಬನೇ. ಅವನು ಕ್ರಿ.ಶ. ೧೭೭ರಲ್ಲಿ ಆ ಮಗನನ್ನೇ, ಕೊಮೊಡಸನನ್ನೇ, ತನಗೆ ಸಮಾನನನ್ನಾಗಿ ಪಕ್ಕದಲ್ಲಿ ಕೂರಿಸಿಕೊಂಡನು. ಹಾಗೆ ಮಾಡದಿದ್ದರೆ ಆ ಹುಡುಗನ ಗತಿಯು ಬ್ರಿಟ್ಯಾನಿಕಸನ ಗತಿಯೇ ಆಗುತ್ತಿತ್ತೆಂಬುದು ಅವನಿಗೆ ತಿಳಿಯದ್ದೇನಲ್ಲ.

ಕೊಮೊಡಸನನ್ನು ಕ್ರಿ.ಶ. ೧೯೨ರ ಕೊನೆಯ ದಿನ ಕತ್ತುಹಿಸುಕಿ ಕೊಂದರು. ತರುವಾಯ ಬಂದ ಪರ್ಟಿನ್ಯಾಕ್ಸನನ್ನು ಎಂಬತ್ತೇಳನೆಯ ದಿನ ಅಂಗರಕ್ಷಕರೇ ಕೊಂದು, ಸೆಜೇನಸನು ಕಟ್ಟಿಸಿದ ಆ ಪಾಳೆಯದೊಳಗೆ ಸೇರಿಕೊಂಡು, ಸಾಮ್ರಾಜ್ಯವನ್ನು ಹರಾಜಿಗಿಟ್ಟರು. ಗೋಡೆಯ ಒಳಗಿನಿಂದ ಸತ್ತವನ ಮಾವನೂ ಹೊರಗಿನಿಂದ ಡಿಡಿಯಸ್ ಜೂಲಿಯಾನಸನೆಂಬ ಧನಿಕ ಸೆನೆಟರನೂ ಬೆಲೆಯೇರಿಸಿದರು. ತಲೆಗೆ ೨೫,೦೦೦ ಸೆಸ್ಟರ್ಸುಗಳಿಗೆ ಜೂಲಿಯಾನಸನು ಅದನ್ನು ಕೊಂಡನು. ಅವನು ಆಳಿದ್ದು ಅರವತ್ತಾರು ದಿನ.

ಅವನನ್ನು ಕೆಡವಿ ಬಂದವನು ಆಫ್ರಿಕಾದಲ್ಲಿ ಹುಟ್ಟಿದ ಸೇನಾಪತಿ ಸೆಪ್ಟಿಮಿಯಸ್ ಸೆವೆರಸ್. ಮಾರ್ಕಸ್ ಆರೀಲಿಯಸನು ಸತ್ತು ಹದಿನೈದು ವರ್ಷಗಳಾದ ಮೇಲೆ, ಇವನು ತಾನು ಆತನ ಮಗನೆಂದು ಘೋಷಿಸಿಕೊಂಡನು. ದತ್ತು ತೆಗೆದುಕೊಳ್ಳುವ ತಂದೆಯೂ ಈಗ ಬೇಕಾಗಿರಲಿಲ್ಲ. ತನ್ನ ಇಬ್ಬರು ಗಂಡುಮಕ್ಕಳು, ಕ್ಯಾರಕ್ಯಾಲ ಮತ್ತು ಗೀಟಾ, ಜೊತೆಗೂಡಿ ಆಳಲೆಂದು ಅವನು ಹಾರೈಸಿದನು. ಕ್ರಿ.ಶ. ೨೧೧ರ ಫೆಬ್ರವರಿಯಲ್ಲಿ ಅವನು ಬ್ರಿಟನ್ನಿನ ಯಾರ್ಕ್ ನಗರದಲ್ಲಿ ಸತ್ತನು. ಅದೇ ವರ್ಷದ ಡಿಸೆಂಬರಿನಲ್ಲಿ, ರಾಜಿಮಾಡಿಸಲೆಂದು ಮಕ್ಕಳಿಬ್ಬರನ್ನೂ ಕರೆಸಿದ್ದ ತಾಯಿಯ ಮಡಿಲಿನಲ್ಲಿಯೇ ಗೀಟಾನು ಅಣ್ಣನ ಕಡೆಯವರಿಂದ ಕೊಲೆಯಾದನು. ಅವನ ಹೆಸರನ್ನು ಸಾಮ್ರಾಜ್ಯದ ಶಿಲಾಶಾಸನಗಳಿಂದೆಲ್ಲ ಕೆತ್ತಿತೆಗೆಯಬೇಕೆಂದು ಆಜ್ಞೆಯಾಯಿತು.

ಆ ಕುಟುಂಬದ ಒಂದು ಚಿತ್ರಪಟವು ಉಳಿದಿದೆ. ಈಜಿಪ್ಟಿನಲ್ಲಿ, ದುಂಡಾದ ಮರದ ಹಲಗೆಯ ಮೇಲೆ, ಬಣ್ಣದಲ್ಲಿ ಬರೆದದ್ದು. ಈಗ ಬರ್ಲಿನ್ನಿನ ವಸ್ತುಸಂಗ್ರಹಾಲಯದಲ್ಲಿದೆ. ನರೆತ ಗಡ್ಡದ ತಂದೆ, ಕೊರಳಲ್ಲಿ ಮುತ್ತುಗಳನ್ನು ಧರಿಸಿದ ತಾಯಿ, ಅವರ ಮುಂದೆ ಇಬ್ಬರು ಹುಡುಗರು. ಒಬ್ಬ ಹುಡುಗನ ಮುಖವಿದ್ದ ಸ್ಥಳವನ್ನು ಕೆರೆದು ಅಳಿಸಲಾಗಿದೆ.